ನಾನೂರ ಹನ್ನೆರಡು ಬಾಗಿಲು

ಸುಣ್ಣದಕುಂಟಿಯಲ್ಲಿ ನೀಲಾಂಬಿಕೆ ಬಸ್ಸು ಹತ್ತಿದರೆ ಅವಳ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ಜನ ಕಂಬ ಹಿಡಿದು ನಿಂತುಕೊಂಡೇ ಹೋಗುತ್ತಿದ್ದರು, ಅಲ್ಲಿ ಕೂರುತ್ತಿರಲಿಲ್ಲ. ತರಕಾರಿಯವನು ಅವಳ ಚೀಲಕ್ಕೆ ಒಂದು ಹಿಡಿ ಕೊತ್ತಂಬರಿ ಹೆಚ್ಚೇ ಹಾಕುತ್ತಿದ್ದ, ಮುಖ ಮಾತ್ರ ನೋಡುತ್ತಿರಲಿಲ್ಲ. ಊರಿನ ಮದುವೆಗಳಿಗೆ ಅವಳಿಗೆ ಕರೆ ಬರುತ್ತಿರಲಿಲ್ಲ. ಊಟ ಡಬ್ಬಿಯಲ್ಲಿ ಬರುತ್ತಿತ್ತು. ತಂದವರು ಡಬ್ಬಿಯನ್ನು ಹೊಸ್ತಿಲ ಹೊರಗಿಟ್ಟು, ಬಾಗಿಲು ಒಮ್ಮೆ ತಟ್ಟಿ, ಅವಳು ಚಿಲಕ ತೆಗೆಯುವಷ್ಟರಲ್ಲಿ ಓಣಿಯ ತಿರುವು ದಾಟಿರುತ್ತಿದ್ದರು. ಯಾರೂ ಅವಳನ್ನು ಬೈದಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಕೆಟ್ಟ ಮಾತು ಕಿವಿಗೆ ಬಿದ್ದಿರಲಿಲ್ಲ. ಒಳ್ಳೆಯ ಮಾತೂ ಬಿದ್ದಿರಲಿಲ್ಲ.

ಊರವರ ಹೆದರಿಕೆಗೆ ಕಾರಣವಿತ್ತು. ಯಾರನ್ನು ಯಾರು ಹೂತಿದ್ದಾರೆ ಎಂಬುದು ಆ ಸೀಮೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮೇಲ್ಕಾಲುವೆಯವರೂ ಕೆಳಕಾಲುವೆಯವರೂ ಒಂಬತ್ತು ವರ್ಷ ಹೊಡೆದಾಡಿದ್ದರು. ನೀರಿಗಾಗಿ ಶುರುವಾದದ್ದು, ಯಾತಕ್ಕೆ ಎಂದು ಯಾರಿಗೂ ನೆನಪಿಲ್ಲದ ಹೊತ್ತಿಗೆ ಮುಗಿಯಿತು. ಮುಗಿಸಿದ್ದು ಒಂದು ಒಪ್ಪಂದ. ಕಾಗದದಲ್ಲಿ ಅದಕ್ಕೆ ದೊಡ್ಡ ಹೆಸರಿತ್ತು, ಜನ ಮಾಫಿ ಎನ್ನುತ್ತಿದ್ದರು. ಬಂದೂಕು ಒಪ್ಪಿಸಿದವನಿಗೆ ಶಿಕ್ಷೆಯಿಲ್ಲ, ವಿಚಾರಣೆಯಿಲ್ಲ, ಅವನ ಹೆಸರು ಎಂದಿಗೂ ಹೊರಬರುವುದಿಲ್ಲ. ಅದರ ಬದಲಿಗೆ ಅವನು ಹೆಣ ಎಲ್ಲಿದೆ ಎಂದು ತಿಳಿಸಬೇಕು. ಪ್ರತಿ ಊರಿನ ಅಂಚೆ ಕಚೇರಿಯಲ್ಲೂ ಪರದೆ ಇಳಿಬಿಟ್ಟ ಒಂದು ಗೂಡು ಮಾಡಿದ್ದರು. ಒಳಗೆ ಹೋಗಿ, ಬೆಳಗುವ ನಕ್ಷೆಯ ಮೇಲೆ ಬೆರಳಿಟ್ಟು, ಮಾತಾಡದೆ ಹೊರಬಂದರೆ ಸಾಕು. ಕಾಣೆಯಾದವರು ಆರು ಸಾವಿರಕ್ಕೂ ಹೆಚ್ಚು. ಮೂರೂವರೆ ಸಾವಿರ ಮಂದಿ ಹೀಗೆ ಮನೆಗೆ ಮರಳಿದ್ದರು, ಮೂಳೆಯಾಗಿ.

ಅವರನ್ನು ಗುರುತಿಸುತ್ತಿದ್ದುದು ಪದರಯಂತ್ರ. ಮನುಷ್ಯನ ಚರ್ಮದ ಮೇಲೆ ಕಣ್ಣಿಗೆ ಕಾಣದ ಜೀವಿಗಳ ದೊಡ್ಡ ಸಂಸಾರವೇ ಇರುತ್ತದೆ. ಒಬ್ಬರ ಸಂಸಾರ ಇನ್ನೊಬ್ಬರದರಂತೆ ಇರುವುದಿಲ್ಲ. ಬೆವರಿದ ಅಂಗೈಯಿಂದ ಮಣ್ಣು ಎಳೆದವನ ಸಂಸಾರದ ಒಂದು ಪಾಲು ಆ ಮಣ್ಣಿಗೆ ಸೇರುತ್ತದೆ. ಎರೆಮಣ್ಣು ಮುಚ್ಚಿಕೊಂಡರೆ ಒಳಗೆ ಗಾಳಿಯಾಡುವುದಿಲ್ಲ. ಸಿಕ್ಕಿಬಿದ್ದ ಜೀವಿಗಳು ಚಿಪ್ಪು ಕಟ್ಟಿಕೊಂಡು ಮೂವತ್ತು ನಲವತ್ತು ವರ್ಷ ನಿದ್ದೆ ಹೋಗುತ್ತವೆ. ಯಂತ್ರ ಅವುಗಳನ್ನು ಎಬ್ಬಿಸಿ, ಇವು ಯಾರ ಮೈಯವು ಎಂದು ಓದುತ್ತಿತ್ತು. ಸತ್ತವನನ್ನು ಗುರುತಿಸಲು ತಾಯಿ ಗಾಜಿನ ಮೇಲೆ ಅಂಗೈ ಊರಿದರೆ ಸಾಕಿತ್ತು, ಉಣಿಸಿದ ಕೈಯ ಗುರುತು ಮಗನ ಮೈಮೇಲೆ ಉಳಿದೇ ಇರುತ್ತಿತ್ತು. ಬದುಕಿದ್ದವರ ಗುರುತು ಆರೋಗ್ಯ ಇಲಾಖೆಯ ಪಟ್ಟಿಯಲ್ಲಿತ್ತು.

ತೊಡಕು ಒಂದೇ. ಗುಂಡಿಯ ಮಣ್ಣಿನಿಂದ ಯಂತ್ರ ಎರಡು ಹೆಸರು ತೆಗೆಯುತ್ತಿತ್ತು: ಮಲಗಿದವನದು, ಮಣ್ಣು ಮುಚ್ಚಿದವನದು. ಯಾವುದು ಯಾರದು ಎಂದು ಅದಕ್ಕೆ ತಿಳಿಯುತ್ತಿರಲಿಲ್ಲ. ಪದರಗಳನ್ನು ನೋಡಿ ಬೇರ್ಪಡಿಸಲು ಮನುಷ್ಯರ ಕಣ್ಣು ಬೇಕಿತ್ತು. ಎರಡೂ ಕಾಲುವೆಗೆ ಸೇರದ ಒಬ್ಬರು ಬೇಕಿತ್ತು. ಬೀದರಿನ ಆಚೆಯಿಂದ ಬಂದ ನೀಲಾಂಬಿಕೆ ಆ ಕೆಲಸಕ್ಕೆ ಸೇರಿದಾಗ ಅವಳಿಗೆ ಮೂವತ್ತೈದು. ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು, ಎಲ್ಲಿಗಾದರೂ ಹೋಗಬೇಕಿತ್ತು. ದಿನಾ ಬೆಳಿಗ್ಗೆ ಮಣ್ಣಿನ ಡಬ್ಬಿ ತೆರೆದು, ಪರದೆಯ ಮೇಲಿನ ಬಣ್ಣದ ಪದರಗಳನ್ನು ಓದಿ, ಮೊದಲ ಹೆಸರನ್ನು ಮನೆಯವರಿಗೆ ಕಳುಹಿಸಿ, ಎರಡನೆಯದನ್ನು ತನ್ನ ಬೆರಳಿನಿಂದಲೇ ಅಳಿಸುತ್ತಿದ್ದಳು. ಯಂತ್ರದಲ್ಲಿ ಅದರ ಸುಳಿವೂ ಉಳಿಯುತ್ತಿರಲಿಲ್ಲ. ಅವಳ ತಲೆಯಲ್ಲಿ ಉಳಿಯುತ್ತಿತ್ತು.

ಮೊದಮೊದಲು ಊರವರ ಜೊತೆ ಬೆರೆಯಲು ನೋಡಿದಳು. ಪಕ್ಕದ ಮನೆಯಾಕೆಯ ಜೊತೆ ಸೊಪ್ಪು ಸೋಸಲು ಕೂತಳು, ಒಂದು ವಾರ. ಎಂಟನೆಯ ದಿನ ಆ ಹೆಂಗಸು ಸೊಪ್ಪು ಕೆಳಗಿಟ್ಟು, "ನಮ್ಮ ಮನಿಯವ್ರ ಹೆಸರು ನೀವೇನಾದ್ರೂ ನೋಡೀರೇನ್ರಿ?" ಎಂದು ಕೇಳಿದಳು. ನೀಲಾಂಬಿಕೆ ಸೊಪ್ಪು ಸೋಸುವುದನ್ನು ಮುಂದುವರಿಸಿದಳು. ಹೌದೆಂದು ಹೇಳುವಂತಿರಲಿಲ್ಲ, ಇಲ್ಲವೆಂದೂ ಹೇಳುವಂತಿರಲಿಲ್ಲ. ಒಬ್ಬರಿಗೆ ಇಲ್ಲವೆಂದರೆ ಮುಂದಿನವರ ಎದುರು ಸುಮ್ಮನಿದ್ದುದೇ ಹೌದೆಂದಂತೆ. ಮರುದಿನ ಆ ಹೆಂಗಸು ಜಗಲಿಗೆ ಬರಲಿಲ್ಲ. ಆಮೇಲೆ ನೀಲಾಂಬಿಕೆ ಯಾರ ಜಗಲಿಗೂ ಹೋಗಲಿಲ್ಲ. ಒಬ್ಬಳಿಗೇ ಅಡುಗೆ ಮಾಡಿ, ರೇಡಿಯೊದಲ್ಲಿ ಯಾವುದೋ ದೂರದ ಊರಿನ ಹವಾಮಾನ ಕೇಳುತ್ತ ಉಣ್ಣುವುದು ರೂಢಿಯಾಯಿತು.

ಫಕೀರವ್ವ ಬಂದದ್ದು ಹನ್ನೊಂದನೆಯ ವರ್ಷದ ಶ್ರಾವಣದಲ್ಲಿ.

ಅವಳದು ಕೆಳಕಾಲುವೆಯ ಕೊನೆಯ ಹಳ್ಳಿ, ಹಿರೇಕಪ್ಪಲ. ಎಪ್ಪತ್ತು ದಾಟಿದ ಮುದುಕಿ. ಮಗ ಯಮನೂರಪ್ಪ ಬಸ್ಸಿನ ಕಂಡಕ್ಟರನಾಗಿದ್ದ. ಯುದ್ಧದ ಐದನೆಯ ವರ್ಷ ಒಂದು ದಿನ ಡ್ಯೂಟಿಗೆ ಹೋದವನು ಮರಳಲಿಲ್ಲ. ಇಪ್ಪತ್ತೊಂದು ವರ್ಷದ ನಂತರ ಮೇಲ್ಕಾಲುವೆಯ ಸುಣ್ಣದಕುಂಟಿಯ ಹಳೆಯ ಇಟ್ಟಿಗೆ ಭಟ್ಟಿಯ ಹಿಂದೆ ಸಿಕ್ಕ. ನೀಲಾಂಬಿಕೆಯೇ ಬೇರ್ಪಡಿಸಿ ಕಳುಹಿಸಿದ್ದಳು. ಮಣ್ಣು ಮಾಡಿ ಹದಿಮೂರನೆಯ ದಿನಕ್ಕೆ ಮುದುಕಿ ಪ್ರಯೋಗಾಲಯದ ಹೊರಗಿನ ಬೆಂಚಿನ ಮೇಲೆ ರೊಟ್ಟಿಯ ಗಂಟು ಹಿಡಿದು ಕೂತಿದ್ದಳು. ಮರುದಿನವೂ ಬಂದಳು. ನಾಲ್ಕನೆಯ ದಿನ ನೀಲಾಂಬಿಕೆ ಹೊರಗೆ ಬಂದು ನಿಂತಳು.

"ಹೆಸರು ಹೇಳೋಕೆ ಆಗೋದಿಲ್ಲ, ಅಮ್ಮ."

"ಹೆಸರು ಯಾರಿಗೆ ಬೇಕವ್ವ?" ಎಂದಳು ಫಕೀರವ್ವ. "ಹೆಸರು ತಗೊಂಡು ಈ ವಯಸ್ಸಿನಾಗ ನಾ ಏನ್ ಮಾಡ್ಲಿ? ಕೂಡ್ರು ಇಲ್ಲಿ."

ಯಾರೂ ಹಾಗೆ ಪಕ್ಕದಲ್ಲಿ ಕೂರು ಎಂದು ಅವಳಿಗೆ ಹೇಳಿ ಎಷ್ಟೋ ವರ್ಷವಾಗಿತ್ತು. ಕೂತಳು.

"ಅವನ ತಲಿ ಕೆಳಗ ಒಂದು ಅಂಗಿ ಮಡಚಿ ಇಟ್ಟಿತ್ತಂತ. ನಿಮ್ಮ ಅಗೆಯೋ ಹುಡುಗ್ರು ಹೇಳಿದ್ರು. ಅದು ನನ್ನ ಮಗನ ಅಂಗಿ ಅಲ್ಲ. ಕಂಡಕ್ಟರ್ ಅಂಗಿ ಅವನ ಮೈಮ್ಯಾಲ ಇತ್ತು. ಅಂದ್ರ, ಹೂತಾಂವ ತನ್ನ ಮೈಯಾಗಿನ ಅಂಗಿ ತಗದು ತಲಿಗೆ ಇಟ್ಟಾನ. ಹಂಗ ಇಡಬೇಕಾದ್ರ ಅಂವ ಸ್ವಲ್ಪ ಹೊತ್ತು ನನ್ನ ಮಗನ ಹತ್ರ ಕೂತಿರಬೇಕು, ಹೌದಲ್ಲ? ಮಾತು ಕೇಳಿರಬೇಕು." ಮುದುಕಿ ನೀಲಾಂಬಿಕೆಯ ಮಣಿಕಟ್ಟು ಹಿಡಿದುಕೊಂಡಳು. "ನನ್ನ ಮಗ ಕೊನೀಗೆ ಏನಂದ? ನೀರು ಕೇಳಿದ್ನಾ? ಅಷ್ಟು ಅವನ್ನ ಕೇಳಿ ನನಗ ಹೇಳು. ಕೇಳಿದ್ದು ಯಾರನ್ನ ಅಂತ ನಾ ಕೇಳಾಂಗಿಲ್ಲ."

ನೀಲಾಂಬಿಕೆಗೆ ಆ ಹೆಸರು ನೆನಪಿತ್ತು. ನಿರುಪಾದಿ. ಕಂಬಾರ ಓಣಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಅವಳ ಜೋಳವೂ ಅಲ್ಲೇ ಹಿಟ್ಟಾಗುತ್ತಿತ್ತು.

ಅಂದು ಮಧ್ಯಾಹ್ನ ಮೇಲಧಿಕಾರಿ ಜಯತೀರ್ಥರನ್ನು ಪರದೆಯ ಮೇಲೆ ಕರೆದಳು. ಅವರು ರಾಜಧಾನಿಯಲ್ಲಿ ಕೂತು ಎಂಟು ಕೇಂದ್ರಗಳನ್ನು ನೋಡಿಕೊಳ್ಳುತ್ತಿದ್ದರು. ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು.

"ನೀಲಾಂಬಿಕೆ, ನೀವು ಒಬ್ಬನ ಮನೆ ಬಾಗಿಲಲ್ಲಿ ನಿಂತರೆ ಸಾಕು, ಅವನ ಹೆಸರು ಬರೆದು ಬಾಗಿಲಿಗೆ ಅಂಟಿಸಿದ ಹಾಗೆ. ಹಿಂದೆ ಬೇರೆ ಕೇಂದ್ರದಲ್ಲಿ ಒಬ್ಬರು ಸಂತೆಯಲ್ಲಿ ಒಬ್ಬನಿಗೆ ನಮಸ್ಕಾರ ಮಾಡಿದರು. ಬರೀ ನಮಸ್ಕಾರ! ಸಂಜೆಗೆ ಅವನ ಮನೆಗೆ ಬೆಂಕಿ ಬಿತ್ತು. ಆಮೇಲೆ ಹದಿನಾಲ್ಕು ತಿಂಗಳು ಆ ಸೀಮೆಯ ನಕ್ಷೆಯ ಮೇಲೆ ಯಾರೂ ಬೆರಳಿಡಲಿಲ್ಲ. ಇನ್ನೂ ಎರಡೂವರೆ ಸಾವಿರ ತಾಯಂದಿರು ಕಾಯ್ತಿದ್ದಾರೆ. ಈ ಒಬ್ಬಳಿಗಾಗಿ ಅವರನ್ನೆಲ್ಲ ಕೈಬಿಡೋದಾ?"

"ಮಾಫಿಯಲ್ಲಿ ಇದಕ್ಕೊಂದು ದಾರಿ ಇಟ್ಟಿಲ್ಲವಾ ಸರ್?"

"ಇಟ್ಟಿಲ್ಲ. ಕೊಂದವರನ್ನು ಬಚ್ಚಿಡೋಕೆ ಹೋಗಿ, ಅಂಗಿ ಇಟ್ಟವನನ್ನೂ ಬಚ್ಚಿಟ್ಟಿದ್ದೀವಿ. ಹಾಗೇ ಆಗಿದೆ ಅದು."

ಆಮೇಲೆ ಮೂರು ದಿನ ಬೆಂಚು ಖಾಲಿಯಿತ್ತು. ನಾಲ್ಕನೆಯ ದಿನ ನೀಲಾಂಬಿಕೆ ರಜೆ ಹಾಕಿ ಹಿರೇಕಪ್ಪಲದ ಬಸ್ಸು ಹತ್ತಿದಳು. ಫಕೀರವ್ವ ಕಂಬಳಿ ಹೊದ್ದು ಮಲಗಿದ್ದಳು, ಕಾಲು ಬಾತಿದ್ದವು. ಎದೆಯ ಕಾಯಿಲೆ, ಡಾಕ್ಟರು ಓಡಾಡಬೇಡ ಎಂದಿದ್ದಾರೆ ಎಂದಳು. ಹೇಳುತ್ತಲೇ ಎದ್ದು, ಬೇಡವೆಂದರೂ ಕೇಳದೆ ಒಲೆ ಹೊತ್ತಿಸಿ, ಎರಡು ತಟ್ಟೆ ಹಾಕಿದಳು. ಒಂದರ ಎದುರು ಇನ್ನೊಂದು. ನೀಲಾಂಬಿಕೆ ತುತ್ತು ಕಟ್ಟಿದವಳು ಹಾಗೇ ಕೂತುಬಿಟ್ಟಳು. ಎದುರಿಗೆ ಇನ್ನೊಬ್ಬರು ಉಣ್ಣುವ ಸದ್ದು, ಅವರು ನೀರು ಗುಟುಕರಿಸುವ ಸದ್ದು, ಇಷ್ಟೂ ಅವಳಿಗೆ ಮರೆತುಹೋಗಿತ್ತು.

"ಯಾಕವ್ವ, ಖಾರ ಆತೇನು?"

"ಇಲ್ಲ," ಎಂದಳು. ಕಣ್ಣು ಒರೆಸಿಕೊಂಡಳು. "ಕೇಳ್ತೀನಿ ಅಮ್ಮ. ಸ್ವಲ್ಪ ತಡವಾಗುತ್ತೆ. ನೀವು ಇರಬೇಕು ಅಷ್ಟೇ."

ಬಸ್ಸಿನಲ್ಲಿ ವಾಪಸು ಬರುವಾಗಲೇ ಅವಳು ಲೆಕ್ಕ ಹಾಕಿದ್ದಳು. ಒಂದು ಬಾಗಿಲಿಗೆ ಹೋದರೆ ಆ ಬಾಗಿಲಿಗೆ ಅಪಾಯ. ಒಂದು ಓಣಿಗೆ ಹೋದರೆ ಆ ಓಣಿಗೆ. ಸುಣ್ಣದಕುಂಟಿಯಲ್ಲಿ ನಾನೂರ ಹನ್ನೆರಡು ಮನೆಗಳಿದ್ದವು. ಎಲ್ಲ ಮನೆಗೂ ಹೋದರೆ ಯಾರ ಮನೆಗೂ ಹೋಗದಂತೆ. ಆದರೆ ಎಲ್ಲ ಕಡೆಯೂ ಒಂದೇ ರೀತಿ ಇರಬೇಕು: ಅದೇ ಪ್ರಶ್ನೆ, ಅದೇ ಮಾತು, ಬಾಗಿಲು ಮುಚ್ಚಿಕೊಂಡು ಹತ್ತು ನಿಮಿಷ, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಪಂಚಾಯಿತಿ ಕೊಟ್ಟ ಮನೆ ನಂಬರಿನ ಪ್ರಕಾರ ಒಂದರಿಂದ ಶುರು. ದಿನಕ್ಕೆ ಸಂಜೆ ಮೂರು, ಭಾನುವಾರ ಏಳೆಂಟು.

ಜಯತೀರ್ಥರಿಗೆ ಹೇಳಿದಾಗ ಅವರು ಮತ್ತೆ ಕನ್ನಡಕ ತೆಗೆದು ಒರೆಸಿದರು. "ಇದು ಕಾನೂನು ಮುರಿದ ಹಾಗಾ ಅಲ್ಲವಾ ಅಂತ ಮಾಫಿ ನೋಡಿಕೊಳ್ಳೋ ಮಂಡಳಿಗೇ ಗೊತ್ತಾಗೋದಿಲ್ಲ," ಎಂದರು. "ಆದರೆ ಮುಗಿದ ಮೇಲೆ ನೀವು ಆ ಕುರ್ಚಿಯಲ್ಲಿ ಇರೋಕೆ ಆಗೋದಿಲ್ಲ. ಅದು ಗೊತ್ತಿರಲಿ."

"ಗೊತ್ತು ಸರ್."

ಒಂದನೆಯ ನಂಬರಿನ ಮನೆ ನಿವೃತ್ತ ಅಂಚೆಯವನದು. ಅವಳನ್ನು ಕಂಡು ಅವನ ಕೈಯಲ್ಲಿದ್ದ ಚೆಂಬು ಕೆಳಗೆ ಬಿತ್ತು. ನೀಲಾಂಬಿಕೆ ಬಾಗಿಲಲ್ಲೇ ನಿಂತು, ಓಣಿಗೆಲ್ಲ ಕೇಳುವಂತೆ, ತಾನು ಊರಿನ ಪ್ರತಿ ಮನೆಗೂ ಬರುವವಳಿದ್ದೇನೆ, ಇದೇ ಮಾತು ಕೇಳುವವಳಿದ್ದೇನೆ ಎಂದಳು. ಆಮೇಲೆ ಒಳಗೆ ಹೋಗಿ ಕೂತು ಹೇಳಿದಳು: "ಕೆಳಕಾಲುವೆಯ ಯಮನೂರಪ್ಪ ಅನ್ನೋ ಕಂಡಕ್ಟರ್ ಇಟ್ಟಿಗೆ ಭಟ್ಟಿಯ ಹತ್ತಿರ ಸತ್ತ. ಅವನು ಕೊನೆಗೆ ಏನಂದ ಅಂತ ಅವನ ತಾಯಿ ಕೇಳ್ತಾಳೆ. ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಸುಮ್ಮನೆ ಕೂತಿರಿ, ಹತ್ತು ನಿಮಿಷ ಆದ ಮೇಲೆ ನಾನು ಹೋಗ್ತೀನಿ."

ಅಂಚೆಯವನು ಹತ್ತು ನಿಮಿಷವೂ ಗೋಡೆಯ ಗಡಿಯಾರ ನೋಡುತ್ತ ಕೂತಿದ್ದ.

ಏಳನೆಯ ಮನೆಯವರು ಬಾಗಿಲು ತೆಗೆಯಲಿಲ್ಲ. ಅವಳು ಮುಚ್ಚಿದ ಬಾಗಿಲಿಗೇ ಪ್ರಶ್ನೆ ಕೇಳಿ, ಹತ್ತು ನಿಮಿಷ ಅಲ್ಲೇ ನಿಂತು, ಎಂಟನೆಯ ಮನೆಗೆ ಹೋದಳು. ಇಪ್ಪತ್ತೆರಡನೆಯ ಮನೆಯ ಹೆಂಗಸು ಅವಳು ಹೊರಟ ಮೇಲೆ ಹೊಸ್ತಿಲಿಗೆ ನೀರು ಸುರಿದು ತೊಳೆದಳು. ಅರವತ್ತರ ಹತ್ತಿರ ಬರುವಷ್ಟರಲ್ಲಿ ಊರಿಗೆ ಇದು ಅಭ್ಯಾಸವಾಗತೊಡಗಿತು. ಅವಳು ಬರುವ ಹೊತ್ತಿಗೆ ಬಾಗಿಲುಗಳು ತೆರೆದುಕೊಂಡೇ ಇರುತ್ತಿದ್ದವು. ಒಂದು ಮನೆಯಲ್ಲಿ ಮುದುಕನೊಬ್ಬ ತನ್ನ ಎರಡೂ ಅಂಗೈ ಅವಳ ಮುಂದೆ ಚಾಚಿ, "ನಂದು ಬಂದೈತೇನು, ಇಷ್ಟು ಹೇಳಿಬಿಡು, ನಾ ನಿಶ್ಚಿಂತ ಸಾಯ್ತೀನಿ," ಎಂದು ಅತ್ತ. ಅವಳು ನೆಲ ನೋಡುತ್ತ ಕೂತಳು. ಹತ್ತು ನಿಮಿಷವಾದ ಮೇಲೆ ಎದ್ದಳು. ಅವನ ಹೆಸರು ಎರಡು ಬಾರಿ ಬಂದಿತ್ತು.

ಎಪ್ಪತ್ತನಾಲ್ಕನೆಯ ಮನೆಯಲ್ಲಿ ಒಬ್ಬಳು ಮೊದಲ ಸಲ ಉತ್ತರ ಕೊಟ್ಟಳು. ಬಳೆ ಮಾರುವ ಹೆಂಗಸು. "ನೀರು ಕೇಳಿದ್ನಂತ, ಕೊಟ್ರಂತ, ಕುಡಿದನಂತ. ಆ ತಾಯಿಗೆ ಹಂಗ ಹೇಳ್ರಿ," ಎಂದಳು. ನೀಲಾಂಬಿಕೆ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಸುಳ್ಳೆಂದು ಗೊತ್ತಿತ್ತು. ಸುಳ್ಳು ಹೇಳಿದವಳ ಮುಖದಲ್ಲಿ ಮೋಸವಿರಲಿಲ್ಲ. ಅವಳ ಸ್ವಂತ ತಮ್ಮನೂ ಇನ್ನೂ ಸಿಕ್ಕಿರಲಿಲ್ಲ. ಆಮೇಲೆ ಹೀಗೆ ಹೇಳುವವರು ಹೆಚ್ಚಿದರು. ಅವ್ವಾ ಅಂದ. ದೇವರ ಹೆಸರು ಹೇಳಿದ. ನೋವಾಗಲಿಲ್ಲ ಅಂದ. ಎಲ್ಲರಿಗೂ ಆ ಮುದುಕಿಗೆ ಏನಾದರೂ ಕೊಟ್ಟು ಕಳುಹಿಸಬೇಕು ಎಂದು ಅನ್ನಿಸತೊಡಗಿತ್ತು.

ನೂರ ಎಂಬತ್ತೆಂಟನೆಯದು ನಿರುಪಾದಿಯ ಮನೆ. ಹೆಂಡತಿ ಗಿರಣಿ ನೋಡಿಕೊಳ್ಳುತ್ತಿದ್ದಳು; ಎತ್ತರದ, ಹುಬ್ಬಿಗೆಲ್ಲ ಹಿಟ್ಟು ಮೆತ್ತಿದ ಮನುಷ್ಯ ಒಬ್ಬನೇ ಇದ್ದ. ಅವಳು ಬಾಗಿಲು ಮುಚ್ಚಿ ಕೂತು, ಹಿಂದಿನ ನೂರ ಎಂಬತ್ತೇಳು ಮನೆಗಳಲ್ಲಿ ಕೇಳಿದ ದನಿಯಲ್ಲೇ ಕೇಳಿದಳು.

"ಗೊತ್ತಿಲ್ರಿ," ಎಂದ ನಿರುಪಾದಿ.

ಗೋಡೆಯಾಚೆ ಗಿರಣಿಯ ಬೆಲ್ಟು ತಟತಟ ಬಡಿಯುತ್ತಿತ್ತು. ಐದು ನಿಮಿಷ ಹೋಯಿತು. ಆರು ಆಯಿತು. ಅವಳ ದೃಷ್ಟಿ ತನ್ನ ಕೈಗಡಿಯಾರದ ಮೇಲೇ ಇತ್ತು. ಅವನನ್ನು ನೋಡಿದರೆ ಅದೂ ಒಂದು ಪ್ರಶ್ನೆಯಾದೀತು.

ಏಳನೆಯ ನಿಮಿಷಕ್ಕೆ ಅವನು ಗೋಡೆಯ ಕಡೆ ತಿರುಗಿ ಕೂತ.

"ನಾವು ಏಳು ಮಂದಿ ಇದ್ವಿ," ಎಂದ. "ಬಸ್ಸಿಗೆ ಗುಂಡು ಹಾರಿಸ್ರಿ ಅಂದ್ರು, ಹಾರಿಸಿದ್ವಿ. ಯಾರ ಗುಂಡು ಯಾರಿಗೆ ಹತ್ತಿತೋ ಗೊತ್ತಿಲ್ಲ. ನಂದಲ್ಲ ಅಂತ ಹೇಳಾಕ ನನಗ ಬರಾಂಗಿಲ್ಲ. ಆಮ್ಯಾಲ ಉಳಿದೋರು ಓಡಿದ್ರು. ಅಂವ ಇನ್ನೂ ಇದ್ದ. ಎತ್ತಿಕೊಂಡು ಭಟ್ಟಿ ಹಿಂದ ತಂದೆ. ಬಿಸಿಲು ಇಳಿಯೋತನಕ ಇದ್ದ."

ಎಂಟು ನಿಮಿಷ.

"ನನ್ನ ಗುರುತು ಹತ್ತಲಿಲ್ಲ ಅವನಿಗೆ. ತಾ ಬಸ್ಸಿನಾಗ ಅದೀನಿ ಅಂತ ತಿಳ್ಕೊಂಡಿದ್ದ. ಸ್ಟಾಪ್ ಕೂಗಾಕ ಹತ್ತಿದ. ಜಾಲಿಮರ, ಇಳಿಯೋರು ಇಳೀರಿ. ಎರಡು ತೂಬು, ಇಳಿಯೋರು ಇಳೀರಿ. ಹಿಂಗ, ಒಂದಾದ ಮ್ಯಾಲ ಒಂದು. ನಡುವ ಉಸಿರು ನಿಲ್ತಿತ್ತು. ಮತ್ತ ಕೂಗ್ತಿದ್ದ. ಪೀರನ ಕಟ್ಟಿ. ಹಳೇ ತೋಪು. ಉಪ್ಪಾರ ಬಾವಿ." ಅವನು ಹಣೆಯನ್ನು ಗೋಡೆಗೆ ಆನಿಸಿದ. "ಉಪ್ಪಾರ ಬಾವಿಗೆ ನಿಂತುಬಿಟ್ಟ. ಮುಂದಿಂದು ಬರ್ತದ ಅಂತ ನಾ ಕಾದೆ. ಬರಲಿಲ್ಲ."

ಯುದ್ಧ ಮುಗಿದ ಮೇಲೆ ಆ ಹೆಸರುಗಳನ್ನು ತೆಗೆದುಹಾಕಿದ್ದರು. ಹೆಸರಿನಿಂದ ಯಾವ ಕಡೆಯವರೆಂದು ತಿಳಿಯುತ್ತದೆಂದು ನಿಲ್ದಾಣಗಳಿಗೆಲ್ಲ ಈಗ ನಂಬರುಗಳು. ನೀಲಾಂಬಿಕೆ ಆ ಹೆಸರುಗಳನ್ನು ಕೇಳುತ್ತಿದ್ದುದು ಅದೇ ಮೊದಲು. ಒಂದೂ ತಪ್ಪದಂತೆ ಬರೆದುಕೊಂಡಳು. ಗಡಿಯಾರದಲ್ಲಿ ಹತ್ತು ನಿಮಿಷ ತುಂಬಿತು. ಎದುರು ಮನೆಯ ಜಗಲಿಯಲ್ಲಿ ನಾಲ್ಕು ಹೆಂಗಸರು ಕೂತಿದ್ದಾರೆಂದು ಅವಳಿಗೆ ಗೊತ್ತಿತ್ತು, ಅವರೂ ಎಣಿಸುತ್ತಿರುತ್ತಾರೆ. ಎದ್ದು ಚಿಲಕಕ್ಕೆ ಕೈ ಹಾಕಿದಳು.

"ಅಕ್ಕಾರ, ಆ ತಾಯಿಗೆ..." ಎಂದು ಹಿಂದಿನಿಂದ ನಿರುಪಾದಿ ಶುರುಮಾಡಿದ.

ಅವಳು ಬಾಗಿಲು ತೆರೆದಳು. ಹೊರಗಿನ ಬೆಳಕು ಒಳಗೆ ಬಿತ್ತು, ಅವನ ಮಾತು ನಿಂತಿತು. ಆ ತಾಯಿಗೆ ಏನು ಹೇಳಬೇಕೆಂದಿದ್ದನೋ, ಅವಳಿಗೆ ಎಂದೂ ತಿಳಿಯಲಿಲ್ಲ. ಓಣಿಯ ಹೆಂಗಸರು ಅವಳ ಮುಖ ನೋಡಿದರು. ಅವಳು ಆ ಮುಖದಲ್ಲೇ ನೂರ ಎಂಬತ್ತೊಂಬತ್ತನೆಯ ಬಾಗಿಲು ತಟ್ಟಿದಳು.

ಇನ್ನೂ ಇನ್ನೂರ ಇಪ್ಪತ್ತನಾಲ್ಕು ಮನೆಗಳಿದ್ದವು.

ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿದರೆ ಎಲ್ಲಿ ನಿಲ್ಲಿಸಿದಳು ಎಂಬುದೇ ಉತ್ತರವಾಗುತ್ತಿತ್ತು. ಫಕೀರವ್ವನಿಗೆ ಗುಟ್ಟಾಗಿ ಹೇಳುವಂತೆಯೂ ಇರಲಿಲ್ಲ. ಅವಳು ಅತ್ತ ದಿನ ಹಿರೇಕಪ್ಪಲಕ್ಕೆ ಗೊತ್ತಾಗುತ್ತದೆ, ಆ ದಿನದವರೆಗೆ ಯಾವ ಯಾವ ಮನೆ ಆಗಿದ್ದವು ಎಂದು ಯಾರಾದರೂ ಎಣಿಸುತ್ತಾರೆ. ಸಿಕ್ಕ ಉತ್ತರವನ್ನು ಬಾಯಲ್ಲಿಟ್ಟುಕೊಂಡು, ಸಿಕ್ಕಿಲ್ಲವೆಂಬಂತೆ, ದಿನಕ್ಕೆ ಮೂರು ಮನೆಯಲ್ಲಿ ಅದೇ ಪ್ರಶ್ನೆ ಕೇಳಬೇಕಿತ್ತು. ಈಗ ಜನ ಅವಳಿಗೆ ಚಹಾ ಕೊಡುತ್ತಿದ್ದರು. ಮಾತಾಡುತ್ತಿದ್ದರು. ಮಗಳ ಹೆರಿಗೆ, ಸೊಸೆಯ ಜಗಳ, ಕಳೆದುಹೋದ ಎಮ್ಮೆ. ಅವಳು ಹತ್ತು ನಿಮಿಷ ಕೇಳಿಸಿಕೊಂಡು, ಮಾತು ಅರ್ಧದಲ್ಲಿದ್ದರೂ ಎದ್ದುಬಿಡುತ್ತಿದ್ದಳು. ಹನ್ನೊಂದು ವರ್ಷ ಬಯಸಿದ್ದು ಹತ್ತು ಹತ್ತು ನಿಮಿಷದ ತುಂಡಾಗಿ ಸಿಗುತ್ತಿತ್ತು. ಯಾವುದನ್ನೂ ಪೂರ್ತಿ ಕೂತು ಉಣ್ಣುವಂತಿರಲಿಲ್ಲ.

ಮುನ್ನೂರ ಐದು ಮನೆಯಾದಾಗ ಒಮ್ಮೆ ಹಿರೇಕಪ್ಪಲಕ್ಕೆ ಹೋಗಿಬಂದಳು. ಫಕೀರವ್ವ ಈಗ ಏಳುತ್ತಿರಲಿಲ್ಲ. ಪಕ್ಕದ ಮನೆಯವರು ಗಂಜಿ ಕೊಡುತ್ತಿದ್ದರು.

"ಎಷ್ಟಾದ್ವು?"

"ಮುನ್ನೂರ ಐದು."

"ಯಾರಾದ್ರೂ ಏನಾದ್ರೂ ಅಂದ್ರಾ?"

ನೀಲಾಂಬಿಕೆಯ ನಾಲಿಗೆಯ ತುದಿಗೆ ಬಂದಿತ್ತು. ಮುದುಕಿಯ ಮುಖ ಸಣ್ಣದಾಗಿ, ಕಣ್ಣುಗಳೇ ದೊಡ್ಡವಾಗಿದ್ದವು. "ಎಲ್ಲಾ ಮುಗಿದ ಮೇಲೆ ಒಟ್ಟಿಗೆ ಓದ್ತೀನಿ, ಅಮ್ಮ."

"ಅಲ್ಲೀತನಕ ನಾ ಇರಬೇಕಲ್ಲ," ಎಂದು ಫಕೀರವ್ವ ನಕ್ಕಳು.

ವಾಪಸು ಬರುವ ಬಸ್ಸಿನಲ್ಲಿ ನೀಲಾಂಬಿಕೆ ಸೀರೆಯ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಮರುದಿನದಿಂದ ದಿನಕ್ಕೆ ಐದು ಮನೆ ಮಾಡಿದಳು. ಬೆಳಿಗ್ಗೆ ಪ್ರಯೋಗಾಲಯ, ಸಂಜೆ ಬಾಗಿಲುಗಳು. ಜಯತೀರ್ಥರು ಒಂದು ದಿನ ತಾವಾಗಿಯೇ ಪರದೆಯ ಮೇಲೆ ಬಂದು, ಈ ತಿಂಗಳು ಸುಣ್ಣದಕುಂಟಿಯ ನಕ್ಷೆಯ ಮೇಲೆ ಹತ್ತೊಂಬತ್ತು ಹೊಸ ಗುರುತು ಬಿದ್ದಿವೆ, ಇಲ್ಲಿಯವರೆಗೆ ಇಷ್ಟು ಎಂದೂ ಬಿದ್ದಿಲ್ಲ ಎಂದರು. ಮಂಡಳಿಯ ನಿರ್ಧಾರ ಮಾತ್ರ ಬದಲಾಗಿಲ್ಲ ಎಂದೂ ಹೇಳಿದರು. ಅವಳ ಜಾಗಕ್ಕೆ ಬರುವವಳ ಹೆಸರು ಗೊತ್ತಾಗಿತ್ತು.

ನಾನೂರ ಹನ್ನೆರಡನೆಯ ಮನೆ ಊರ ಹೊರಗಿನ ಕಾವಲುಗಾರನದು. ಅವನಿಗೆ ಏನೂ ಗೊತ್ತಿರಲಿಲ್ಲ. ಹತ್ತು ನಿಮಿಷ ಕೂತು ಎದ್ದಳು.

ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಬೀಗದ ಕೈ ಒಪ್ಪಿಸಿ, ಟ್ರಂಕು ಬಸ್‌ ನಿಲ್ದಾಣದಲ್ಲಿಟ್ಟು, ನೋಟುಬುಕ್ಕು ಹಿಡಿದು ಹಿರೇಕಪ್ಪಲದಲ್ಲಿ ಇಳಿದಳು. ಫಕೀರವ್ವನ ಮನೆಯ ಮುಂದೆ ಜನವಿರಲಿಲ್ಲ. ಹಾಗಾದರೆ ಇದ್ದಾಳೆ ಎಂದು ಉಸಿರು ಬಿಟ್ಟಳು.

ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ನೀಲಾಂಬಿಕೆ ಎದುರು ಕೂತು, ಮೂವತ್ತೆರಡು ಮನೆಗಳಲ್ಲಿ ಮೂವತ್ತೆರಡು ಮಾತು ಸಿಕ್ಕಿವೆ, ಯಾವುದು ನಿಜವೆಂದು ನಾನು ಹೇಳುವಂತಿಲ್ಲ, ಎಲ್ಲವನ್ನೂ ಓದುತ್ತೇನೆ ಎಂದಳು. ಮನೆಯ ನಂಬರು ಬರೆದಿರಲಿಲ್ಲ, ಕ್ರಮವನ್ನೂ ಕಲಸಿದ್ದಳು.

"ಓದು," ಎಂದು ಫಕೀರವ್ವ ಕಣ್ಣು ಮುಚ್ಚಿದಳು.

"ನೀರು ಕೇಳಿದ, ಕೊಟ್ಟರು, ಕುಡಿದ."

"ಕುಡೀಲಿ."

"ಅವ್ವಾ ಅಂದ."

"ನನ್ನ ಅವ್ವಾ ಅಂತಿರಲಿಲ್ಲ ಅಂವ. ಹೆಸರು ಹಿಡಿದು ಕರೀತಿದ್ದ. ಇರ್ಲಿ, ಹೇಳಿದವ್ರಿಗೆ ಒಳ್ಳೇದಾಗ್ಲಿ. ಮುಂದ?"

ನೀಲಾಂಬಿಕೆ ಓದುತ್ತ ಹೋದಳು. ಮುದುಕಿ ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು, ಅಂಗಡಿಯಲ್ಲಿ ಸೀರೆ ತೋರಿಸಿದರೆ ಬೇಡವೆನ್ನುವವರ ಹಾಗೆ, ಸಿಟ್ಟಿಲ್ಲದೆ. ಹದಿನೇಳು, ಹದಿನೆಂಟು. ಹತ್ತೊಂಬತ್ತನೆಯದನ್ನು ನೀಲಾಂಬಿಕೆ ಅದೇ ದನಿಯಲ್ಲಿ ಓದಿದಳು.

"ಜಾಲಿಮರ, ಇಳಿಯೋರು ಇಳೀರಿ. ಎರಡು ತೂಬು, ಇಳಿಯೋರು ಇಳೀರಿ. ಪೀರನ ಕಟ್ಟಿ. ಹಳೇ ತೋಪು."

ಫಕೀರವ್ವನ ಕಣ್ಣು ತೆರೆದವು.

"ಉಪ್ಪಾರ ಬಾವಿ," ಎಂದು ಓದಿ ನೀಲಾಂಬಿಕೆ ನಿಲ್ಲಿಸಿದಳು. ಅಲ್ಲಿಗೆ ಮುಗಿದಿತ್ತು.

ಹೊರಗೆ ಯಾರೋ ಕೋಳಿ ಅಟ್ಟುತ್ತಿದ್ದರು. ಮುದುಕಿ ಗೋಡೆ ಬಿಟ್ಟು ನೆಟ್ಟಗೆ ಕೂತಳು.

"ಗಾಳೆವ್ವನ ಗುಡಿ," ಎಂದಳು. "ಇಳಿಯೋರು ಇಳೀರಿ."

ಸ್ವಲ್ಪ ಹೊತ್ತು ಬಿಟ್ಟು, "ಹಿರೇಕಪ್ಪಲ," ಎಂದಳು.

ನೀಲಾಂಬಿಕೆ ನೋಟುಬುಕ್ಕು ಮುಚ್ಚಿ ಹತ್ತಿರ ಸರಿದಳು. ಮುದುಕಿಯ ಕೈ ಹಿಡಿದು ಅಲ್ಲೇ ಕೂರಬೇಕು, ಹತ್ತು ನಿಮಿಷವಲ್ಲ, ಹೊತ್ತು ಮುಳುಗುವವರೆಗೂ ಕೂರಬೇಕು ಎಂದುಕೊಂಡೇ ಬಂದಿದ್ದಳು. ಫಕೀರವ್ವ ಅವಳ ಕೆನ್ನೆಗೆ ಒಮ್ಮೆ ಅಂಗೈ ಒತ್ತಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಈಗ ನೀ ಹೋಗವ್ವ," ಎಂದಳು ಮೆಲ್ಲಗೆ. "ಇಪ್ಪತ್ತೊಂದು ವರ್ಷ ಆತು, ನಾ ಸರಿಯಾಗಿ ಅತ್ತಿಲ್ಲ. ಒಬ್ಬಾಕೀನ ಅಳಬೇಕು. ಬಾಗಲಾ ಮುಂದ ಮಾಡ್ಕೊಂಡು ಹೋಗು."

ನೀಲಾಂಬಿಕೆ ಎದ್ದಳು. ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಮಧ್ಯಾಹ್ನದ ಬಿಸಿಲಿಗೆ ಓಣಿ ಬೋಳಾಗಿತ್ತು. ಅವಳ ಬಸ್ಸಿಗೆ ಇನ್ನೂ ಹೊತ್ತಿತ್ತು, ಹೋಗಬೇಕಾದ ಊರಿನಲ್ಲಿ ಅವಳನ್ನು ಕಾಯುವವರು ಯಾರೂ ಇರಲಿಲ್ಲ. ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತಳು. ಒಳಗಿನಿಂದ ಮೊದಲು ಒಂದು ಸಣ್ಣ ದನಿ ಬಂತು, ಆಮೇಲೆ ದೊಡ್ಡದಾಯಿತು. ನೀಲಾಂಬಿಕೆ ಕದ ತಟ್ಟಲಿಲ್ಲ, ಎದ್ದೂ ಹೋಗಲಿಲ್ಲ. ಆ ದನಿ ದಣಿದು ನಿಲ್ಲುವವರೆಗೆ, ನಿಂತ ಮೇಲೆ ಮುದುಕಿ ಮೂಗು ಸೀಟಿ ನೀರು ಬಗ್ಗಿಸಿಕೊಂಡದ್ದು ಕೇಳುವವರೆಗೆ, ಅಲ್ಲೇ ಕೂತಿದ್ದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ರಸ್ತೆಗೆ ನಡೆದಳು.